ಸಿ ಸರ್ಟಿಫಿಕೇಟ್ ಒಂದಿದ್ದರೆ ಸಾಕೇ? ಕಾಲೇಜು ಮೈದಾನದಿಂದ ಓಟಿಎವರೆಗೆ

ಡಿಗ್ರಿ ಮೊದಲ ವರ್ಷದಲ್ಲಿ ಎನ್‌ಸಿಸಿಗೆ ಹೆಸರು ಕೊಡುವವರ ತಲೆಯಲ್ಲಿ ಸಾಮಾನ್ಯವಾಗಿ ಒಂದು ಲೆಕ್ಕ ಇರುತ್ತದೆ: ಮೂರು ವರ್ಷ ಪರೇಡ್ ಮಾಡಿದರೆ ಸಿ ಸರ್ಟಿಫಿಕೇಟ್, ಸಿ ಸರ್ಟಿಫಿಕೇಟ್ ಇದ್ದರೆ ಆರ್ಮಿ ಆಫೀಸರ್. ಲೆಕ್ಕದ ಮೊದಲರ್ಧ ಸರಿ, ಉಳಿದರ್ಧ ತಪ್ಪು. ಆ ಸರ್ಟಿಫಿಕೇಟಿನಿಂದ ಸಿಗುವ ದೊಡ್ಡ ಲಾಭ ಎಂದರೆ ಸೇನಾ ಅಧಿಕಾರಿಗಳ ನೇಮಕದ ಸಿಡಿಎಸ್ ಲಿಖಿತ ಪರೀಕ್ಷೆ ಬರೆಯದೆ ನೇರವಾಗಿ, ಅಧಿಕಾರಿಗಳನ್ನು ಆರಿಸುವ ಐದು ದಿನದ ಪರೀಕ್ಷೆ ಮತ್ತು ಸಂದರ್ಶನವಾದ ಎಸ್‌ಎಸ್‌ಬಿಗೆ ಹೋಗಬಹುದು. ಇದಕ್ಕೆ ಎನ್‌ಸಿಸಿ ಸ್ಪೆಷಲ್ ಎಂಟ್ರಿ ಎನ್ನುತ್ತಾರೆ. ಎಸ್‌ಎಸ್‌ಬಿಯ ಒಳಗೆ ಕಾಲಿಟ್ಟ ಮೇಲೆ ನಿಮಗೂ, ಎನ್‌ಸಿಸಿ ಮುಖವನ್ನೇ ನೋಡದೆ ಸಿಡಿಎಸ್ ಬರೆದು ಬಂದವರಿಗೂ ಒಂದೇ ಅಳತೆ.

ಆದ್ದರಿಂದ ಕಾಲೇಜಿನ ಮೂರು ವರ್ಷಗಳನ್ನು ಯಾವುದಕ್ಕೆ ಖರ್ಚು ಮಾಡಬೇಕು ಎನ್ನುವುದೇ ಇಲ್ಲಿಯ ಪ್ರಶ್ನೆ. ಸರ್ಟಿಫಿಕೇಟು, ಡಿಗ್ರಿ ಅಂಕ, ಕಾಗದಪತ್ರ, ಹಲ್ಲು, ಕಣ್ಣು, ಮೊಣಕಾಲು: ಇವಿಷ್ಟು ನಿಮ್ಮ ಕೈಯಲ್ಲಿವೆ. ಹೆಚ್ಚಿನವರು ಇವನ್ನೇ ಕಡೆಗಣಿಸಿ ಎಸ್‌ಎಸ್‌ಬಿಯ 'ಮಾದರಿ ಉತ್ತರ' ಬಾಯಿಪಾಠ ಮಾಡಲು ಹೋಗುತ್ತಾರೆ.

ಮೊದಲು ಅರ್ಹತೆ. ವಯಸ್ಸು 19ರಿಂದ 25, ಅವಿವಾಹಿತರು, ಡಿಗ್ರಿಯಲ್ಲಿ ಒಟ್ಟು ಕನಿಷ್ಠ ಶೇ. 50, ಸಿ ಸರ್ಟಿಫಿಕೇಟಿನಲ್ಲಿ ಕನಿಷ್ಠ ಬಿ ಗ್ರೇಡ್. ಅಂತಿಮ ವರ್ಷದವರೂ ಅರ್ಜಿ ಹಾಕಬಹುದು, ಆದರೆ ಅಲ್ಲಿವರೆಗಿನ ವರ್ಷಗಳಲ್ಲಿ ಶೇ. 50 ಇರಬೇಕು. ಅಧಿಸೂಚನೆ ವರ್ಷಕ್ಕೆ ಎರಡು ಸಲ ಬರುತ್ತದೆ. ಸೀಟುಗಳು ಕಡಿಮೆ: ಹಲವು ವರ್ಷ ಒಂದು ಕೋರ್ಸಿಗೆ ಪುರುಷರಿಗೆ 50, ಮಹಿಳೆಯರಿಗೆ 5 ಇದ್ದವು, ಈಚೆಗೆ 70 ಮತ್ತು 6 ಆಗಿದ್ದೂ ಇದೆ. ಇಡೀ ದೇಶಕ್ಕೆ ಅಷ್ಟೇ. ಹುಡುಗಿಯರು ಈ ಒಂದಂಕಿಯನ್ನು ನೋಡಿ ಸಿಡಿಎಸ್‌ನ ಓಟಿಎ (ಚೆನ್ನೈನ ಅಧಿಕಾರಿಗಳ ತರಬೇತಿ ಅಕಾಡೆಮಿ) ದಾರಿಯನ್ನೂ ಜೊತೆಯಲ್ಲೇ ಇಟ್ಟುಕೊಳ್ಳುವುದು ಒಳ್ಳೆಯದು. ಅಲ್ಲಿ ಗಣಿತ ಇಲ್ಲ. ಇಂಗ್ಲಿಷ್ ಮತ್ತು ಸಾಮಾನ್ಯ ಜ್ಞಾನ ತಲಾ 100 ಅಂಕಕ್ಕೆ, ಎರಡೆರಡು ಗಂಟೆ. ಡೆಹ್ರಾಡೂನಿನ ಮಿಲಿಟರಿ ಅಕಾಡೆಮಿ ಐಎಂಎಗೆ ಹೋಗುವುದಾದರೆ ಗಣಿತವೂ ಸೇರುತ್ತದೆ. ತಪ್ಪು ಉತ್ತರಕ್ಕೆ ಮೂರನೇ ಒಂದು ಅಂಶ ಕಳೆಯುತ್ತಾರೆ.

ಸಿ ಪರೀಕ್ಷೆಗೆ ಕೂರಲು ಪರೇಡ್ ಹಾಜರಿ ಶೇ. 75, ಕೈಯಲ್ಲಿ ಬಿ ಸರ್ಟಿಫಿಕೇಟು, ಲೆಕ್ಕದಲ್ಲಿ ಎರಡು ಕ್ಯಾಂಪು ಬೇಕು. ಎಡವಟ್ಟಾಗುವುದು ಕ್ಯಾಂಪಿನಲ್ಲಿ. ವಾರ್ಷಿಕ ಕ್ಯಾಂಪ್ ಹತ್ತು ದಿನದ್ದು. ಅದು ಇಂಟರ್ನಲ್ಸ್‌ಗೋ ಸೆಮಿಸ್ಟರ್ ಪರೀಕ್ಷೆಗೋ ಅಡ್ಡ ಬರುತ್ತದೆ, 'ಮುಂದಿನ ವರ್ಷ ಹೋದರಾಯ್ತು' ಎಂದುಕೊಳ್ಳುತ್ತೀರಿ, ಮುಂದಿನ ವರ್ಷವೂ ಅದೇ ಹಣೆಬರಹ. ಮೊದಲ ಕ್ಯಾಂಪನ್ನು ಮೊದಲ ವರ್ಷದಲ್ಲೇ ಮುಗಿಸಿ. ಮುಗಿಸಿ ಬಂದ ಮೇಲೆ ಅದು ಯೂನಿಟ್ ಆಫೀಸಿನ ದಾಖಲೆಯಲ್ಲಿ ನಿಮ್ಮ ರೆಜಿಮೆಂಟಲ್ ನಂಬರ್ ಮುಂದೆ ಏರಿದೆಯೇ ಎಂದು ಹೋಗಿ ಕೇಳಿ. ಕಾಲೇಜಿನ ಎನ್‌ಸಿಸಿ ಅಧಿಕಾರಿ ಎಎನ್‌ಒ ನೋಡಿಕೊಳ್ಳುತ್ತಾರೆ ಎಂದು ಬಿಟ್ಟುಬಿಡಬೇಡಿ. ಅವರೂ ಪಾಠ, ಪರೀಕ್ಷೆ, ಮೌಲ್ಯಮಾಪನದ ನಡುವೆ ಇದನ್ನು ನಡೆಸುವ ಮೇಷ್ಟ್ರು ಅಥವಾ ಮೇಡಂ.

ಗಣರಾಜ್ಯೋತ್ಸವದ ಕ್ಯಾಂಪ್ ಆದ ಆರ್‌ಡಿಸಿ ಆಸೆ ಎಲ್ಲರಿಗೂ ಇರುತ್ತದೆ. ದಿಲ್ಲಿಯ ಕಾರಿಯಪ್ಪ ಪರೇಡ್ ಮೈದಾನದಲ್ಲಿ ಪ್ರಧಾನಿಯ ರ್‍ಯಾಲಿಯಲ್ಲಿ ನಿಲ್ಲುವುದು ದೊಡ್ಡ ವಿಷಯವೇ, ಅದರಲ್ಲೂ ಆ ಹೆಸರು ನಮ್ಮ ಕೊಡಗಿನದು. ಆದರೆ ಅದರ ಆಯ್ಕೆ ಕ್ಯಾಂಪುಗಳು ಸರಣಿಯಾಗಿ ಬಂದು ತಿಂಗಳುಗಟ್ಟಲೆ ತರಗತಿ ತಪ್ಪುತ್ತದೆ. ಆರ್‌ಡಿಸಿ ಮಾಡಿದ್ದಕ್ಕೆ ಎಸ್‌ಎಸ್‌ಬಿಯಲ್ಲಿ ಪ್ರತ್ಯೇಕ ಅಂಕ ಇಲ್ಲ. ಬ್ಯಾಕ್‌ಲಾಗ್ ಉಳಿದು ಶೇ. 50 ಕೈತಪ್ಪಿದರೆ ಅರ್ಜಿಯೇ ಇಲ್ಲ. ಓದು ಗಟ್ಟಿ ಇರುವವರು ಹೋಗಿ.

ಪರೇಡ್ ಮೈದಾನದಲ್ಲಿ ಹೊಸಬರನ್ನು ಕಾಡುವುದು ಹಿಂದಿ ಹುಕುಂ. ಸಾವಧಾನ್, ವಿಶ್ರಾಮ್, ದಾಹಿನೇ ಮುಡ್, ತೇಜ್ ಚಲ್, ಥಮ್: ಇಷ್ಟೂ ಎರಡು ವಾರದಲ್ಲಿ ಕಿವಿಗೆ ಒಗ್ಗುತ್ತವೆ. ಅರ್ಥಕ್ಕಿಂತ ಮುಖ್ಯ, ಪ್ರತಿ ಹುಕುಂನಲ್ಲೂ ಎರಡು ಭಾಗ ಇರುವುದು. 'ದಾಹಿನೇ' ಎಂದು ಎಳೆದು ಹೇಳುವುದು ಎಚ್ಚರಿಕೆ; 'ಮುಡ್' ಎಂಬ ಚುರುಕು ಸದ್ದಿಗೆ ಮೈ ತಿರುಗಬೇಕು. ಅವಸರದವರು 'ದಾಹಿನೇ' ಎನ್ನುತ್ತಿದ್ದಂತೆ ಹಿಮ್ಮಡಿ ಎತ್ತಿರುತ್ತಾರೆ, ಅಲ್ಲಿಗೆ ಸಾಲು ಕೆಟ್ಟಿತು. ತೇಜ್ ಚಲ್‌ನಲ್ಲಿ ಮೊದಲ ಹೆಜ್ಜೆ ಎಡಗಾಲಿನದು, ಹೆಜ್ಜೆಯ ಉದ್ದ 30 ಇಂಚು, ಹುಡುಗರಿಗೆ ನಿಮಿಷಕ್ಕೆ 120 ಹೆಜ್ಜೆ. ಭಯದಲ್ಲಿ ಎಡಗಾಲಿನ ಜೊತೆಗೇ ಎಡಗೈಯೂ ಏಳುವುದು ಪ್ರತಿ ಬ್ಯಾಚಿನಲ್ಲೂ ಒಬ್ಬಿಬ್ಬರಿಗೆ ಆಗುತ್ತದೆ. ಉಸ್ತಾದರು ಕೂಗುತ್ತಾರೆ, ಪಕ್ಕದವರು ನಗುತ್ತಾರೆ. ಸಂಜೆ ಹಾಸ್ಟೆಲ್ ಕಾರಿಡಾರಿನಲ್ಲಿ ನಿಧಾನಕ್ಕೆ ಎಣಿಸಿಕೊಂಡು ಹತ್ತು ಸುತ್ತು ನಡೆದರೆ ಸರಿಹೋಗುತ್ತದೆ.

ಫೈರಿಂಗ್ ಬಗ್ಗೆ ಒಂದು ಮಾತು. ಪಾಯಿಂಟ್ 22 ರೈಫಲ್, 25 ಮೀಟರ್ ದೂರ, ಬೋರಲು ಮಲಗಿ ಐದು ಗುಂಡು. ನೋಡುವುದು ಗ್ರೂಪಿಂಗ್, ಅಂದರೆ ಐದೂ ತೂತು ಒಂದಕ್ಕೊಂದು ಎಷ್ಟು ಹತ್ತಿರ ಬಿದ್ದಿವೆ ಎಂದು. ನಡುಗುರಿಗೆ ಬಿದ್ದಿದೆಯೇ ಎನ್ನುವುದು ಆಮೇಲಿನ ಮಾತು. ಇದು ಗೊತ್ತಿಲ್ಲದವರು ಮೊದಲ ಗುಂಡು ಎಡಕ್ಕೆ ಹೋಯಿತೆಂದು ಎರಡನೆಯದಕ್ಕೆ ಗುರಿಯನ್ನು ಬಲಕ್ಕೆ ಸರಿಸುತ್ತಾರೆ, ಮೂರನೆಯದಕ್ಕೆ ಮತ್ತೆ ಎಡಕ್ಕೆ, ಕೊನೆಗೆ ಹಾಳೆಯ ತುಂಬ ಚದುರಿದ ಐದು ತೂತು. ಐದಕ್ಕೂ ಒಂದೇ ಜಾಗಕ್ಕೆ ಗುರಿ ಇಡಿ. ಅರ್ಧ ಉಸಿರು ಬಿಟ್ಟು ತಡೆದು, ಟ್ರಿಗರನ್ನು ನಿಂಬೆಹಣ್ಣು ಹಿಂಡಿದ ಹಾಗೆ ಒತ್ತಿ. ಜಗ್ಗಿದರೆ ನಳಿಗೆ ಅಲುಗುತ್ತದೆ.

ಇನ್ನು ಕಾಗದಪತ್ರ. ಇದು ನಮ್ಮ ಕಡೆಯವರಿಗೇ ವಿಶೇಷವಾಗಿ ಕಾಡುವ ತೊಂದರೆ, ಕಾರಣ ಇನಿಷಿಯಲ್. ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯಲ್ಲಿ 'ಮಂಜುನಾಥ ಕೆ ಎಸ್', ಆಧಾರಿನಲ್ಲಿ ಬರಿಯ 'ಮಂಜುನಾಥ್', ಡಿಗ್ರಿ ಅಂಕಪಟ್ಟಿಯಲ್ಲಿ 'ಕೆ ಎಸ್ ಮಂಜುನಾಥ', ಎನ್‌ಸಿಸಿ ನೋಂದಣಿಯಲ್ಲಿ ಇನಿಷಿಯಲ್ ಬಿಡಿಸಿ ಊರು ಮತ್ತು ತಂದೆಯ ಹೆಸರು ಸೇರಿಸಿದ್ದು. ನಮಗೆ ಇವೆಲ್ಲ ಒಬ್ಬನೇ ಮಂಜುನಾಥ; ದಾಖಲೆ ಪರಿಶೀಲಿಸುವವರಿಗೆ ನಾಲ್ಕು ಜನ. ಸೇನೆಗೆ ಆಧಾರ ಎಸ್‌ಎಸ್‌ಎಲ್‌ಸಿ ಅಂಕಪಟ್ಟಿ: ಹೆಸರು, ತಂದೆ ತಾಯಿಯ ಹೆಸರು, ಹುಟ್ಟಿದ ದಿನಾಂಕ ಎಲ್ಲವೂ ಅದರಂತೆ. ಎನ್‌ಸಿಸಿ ಅರ್ಜಿ ತುಂಬುವ ಮೊದಲ ದಿನವೇ ಅಂಕಪಟ್ಟಿ ಎದುರಿಗಿಟ್ಟುಕೊಂಡು ಅಕ್ಷರಕ್ಕೆ ಅಕ್ಷರ ಬರೆಯಿರಿ. ಸಿ ಸರ್ಟಿಫಿಕೇಟ್ ಮುದ್ರಣವಾಗಿ ಬಂದ ಮೇಲೆ ತಿದ್ದಿಸುವುದೆಂದರೆ ಕಚೇರಿಯಿಂದ ಕಚೇರಿಗೆ ಅಲೆದಾಟ, ಅಷ್ಟರಲ್ಲಿ ಅರ್ಜಿಯ ಕೊನೆ ದಿನ ದಾಟಿರುತ್ತದೆ. ವಿಶ್ವವಿದ್ಯಾಲಯ ಸಿಜಿಪಿಎ ಕೊಡುವುದಾದರೆ ಅದನ್ನು ಶೇಕಡಾವಾರಿಗೆ ಪರಿವರ್ತಿಸುವ ಸೂತ್ರದ ಪತ್ರವನ್ನೂ ಮೊದಲೇ ಪಡೆದಿಟ್ಟುಕೊಳ್ಳಿ.

ಅರ್ಜಿ ದಾಟಿತು, ಎಸ್‌ಎಸ್‌ಬಿ ಕರೆ ಬಂತು ಎನ್ನೋಣ. ಸೇನೆಯ ಆಯ್ಕೆ ಕೇಂದ್ರಗಳು ಪ್ರಯಾಗರಾಜ್, ಭೋಪಾಲ್, ಬೆಂಗಳೂರು, ಜಲಂಧರ್‌ನಲ್ಲಿವೆ. ಬೆಂಗಳೂರಿನದು ಕಬ್ಬನ್ ರಸ್ತೆಯಲ್ಲಿದೆ. (ಮೈಸೂರಿನದು ವಾಯುಪಡೆಯದು, ಗೊಂದಲ ಬೇಡ.) ಒಟ್ಟು ಐದು ದಿನ. ಮೊದಲ ದಿನ ಸ್ಕ್ರೀನಿಂಗ್: ಬುದ್ಧಿಶಕ್ತಿಯ ಎರಡು ಪ್ರಶ್ನೆಪತ್ರಿಕೆ, ನಂತರ ಒಂದು ಮಸುಕು ಚಿತ್ರವನ್ನು 30 ಸೆಕೆಂಡ್ ತೋರಿಸಿ ಅದರ ಮೇಲೆ ನಾಲ್ಕು ನಿಮಿಷದಲ್ಲಿ ಕಥೆ ಬರೆಸುತ್ತಾರೆ. ಆಮೇಲೆ ಗುಂಪಿನಲ್ಲಿ ಒಬ್ಬೊಬ್ಬರಾಗಿ ಕಥೆ ಹೇಳಿ, ಎಲ್ಲರೂ ಸೇರಿ ಒಂದು ಕಥೆಗೆ ಬರಬೇಕು. ಇಲ್ಲಿ ಆಗುವುದು ಸಂತೆ. ಹದಿನೈದು ಜನ ಒಟ್ಟಿಗೆ ಬಾಯಿ ತೆರೆಯುತ್ತಾರೆ, ಯಾರ ಮಾತೂ ಯಾರಿಗೂ ಕೇಳಿಸುವುದಿಲ್ಲ. ದನಿ ಏರಿಸಿ ಗೆಲ್ಲಲು ಹೋಗಬೇಡಿ. ತೆಪ್ಪಗೆ ಕುಳಿತರೂ ಉಳಿಗಾಲವಿಲ್ಲ. ಯಾರಾದರೂ ಉಸಿರೆಳೆದುಕೊಳ್ಳುವ ಆ ಒಂದು ಕ್ಷಣಕ್ಕೆ ಕಾದು, ಇಬ್ಬರು ಹೇಳಿದ್ದನ್ನು ಜೋಡಿಸುವ ಒಂದು ವಾಕ್ಯ ಹೇಳಿದರೆ ಅದು ಎದ್ದು ಕಾಣುತ್ತದೆ. ಸಂಜೆಯ ಹೊತ್ತಿಗೆ ಹೆಚ್ಚಿನವರು ಬ್ಯಾಗ್ ಹೆಗಲಿಗೇರಿಸಿ ಸ್ಟೇಷನ್ನಿನ ದಾರಿ ಹಿಡಿದಿರುತ್ತಾರೆ. ಒಂದೇ ನಮೂನೆಯ ಎಂಟ್ರಿಗೆ ಮೊದಲ ಸಲ ಬಂದವರಿಗೆ ಪ್ರಯಾಣದ ಖರ್ಚು ಸಿಗುತ್ತದೆ; ಟಿಕೆಟ್ ಎಸೆಯಬೇಡಿ.

ಕನ್ನಡ ಮಾಧ್ಯಮದಿಂದ ಬಂದವರ ದೊಡ್ಡ ಹೆದರಿಕೆ ಇಂಗ್ಲಿಷ್. ಹೆದರಿಕೆ ಸುಳ್ಳಲ್ಲ: ಚರ್ಚೆ ನಡೆಯುವುದು ಬಹುಪಾಲು ಇಂಗ್ಲಿಷಿನಲ್ಲೇ. ಆದರೆ ಸೋಲಿಸುವುದು ವ್ಯಾಕರಣಕ್ಕಿಂತ ಹೆಚ್ಚಾಗಿ ತಡ. ಕನ್ನಡದಲ್ಲಿ ಉದ್ದ ವಾಕ್ಯ ಕಟ್ಟಿ, ಮನಸ್ಸಿನಲ್ಲೇ ತರ್ಜುಮೆ ಮಾಡಿ, ಬಾಯಿ ತೆರೆಯುವಷ್ಟರಲ್ಲಿ ವಿಷಯ ಮುಂದೆ ಹೋಗಿರುತ್ತದೆ. ಐದಾರು ಪದದ ಚಿಕ್ಕ ವಾಕ್ಯಗಳಲ್ಲೇ ಮಾತಾಡುವುದನ್ನು ರೂಢಿ ಮಾಡಿಕೊಳ್ಳಿ. ಎರಡನೇ ವರ್ಷದಿಂದಲೇ ದಿನಕ್ಕೊಂದು ವಿಷಯ ಎತ್ತಿಕೊಂಡು, ಮೂರು ನಿಮಿಷ ಯೋಚಿಸಿ, ಮೂರು ನಿಮಿಷ ನಿಂತು ಮಾತಾಡಿ. ಲೆಕ್ಚರೆಟ್ ಎಂಬ ಪರೀಕ್ಷೆಯ ಅಳತೆಯೂ ಅದೇ.

ಎರಡನೇ ದಿನ ಸೈಕಾಲಜಿ. ಚಿತ್ರ ನೋಡಿ ಬರೆಯುವ ಹನ್ನೆರಡು ಕಥೆ, ಪ್ರತಿಯೊಂದಕ್ಕೂ ನಾಲ್ಕು ನಿಮಿಷ. ಕೊನೆಯದು ಖಾಲಿ ಪರದೆ, ಕಥೆ ನಿಮ್ಮದೇ. ನಂತರ 60 ಪದ, ಒಂದೊಂದಕ್ಕೆ 15 ಸೆಕೆಂಡ್, ಪದ ಓದಿ ವಾಕ್ಯ ಬರೆಯುವುದೂ ಅಷ್ಟರೊಳಗೇ. ಆಮೇಲೆ 60 ಸನ್ನಿವೇಶ, ಒಂದೊಂದರಲ್ಲೂ ನೀವೇನು ಮಾಡುತ್ತೀರಿ ಎಂದು ಬರೆಯಲು ಒಟ್ಟು 30 ನಿಮಿಷ. ಕೊನೆಗೆ 15 ನಿಮಿಷದಲ್ಲಿ ತಂದೆ ತಾಯಿ, ಮೇಷ್ಟ್ರು, ಗೆಳೆಯರು ನಿಮ್ಮ ಬಗ್ಗೆ ಏನೆನ್ನುತ್ತಾರೆ, ನೀವೇನೆನ್ನುತ್ತೀರಿ ಎಂದು ಬರೆಯಬೇಕು. ಒಂದು ಪದ ತಪ್ಪಿದರೆ ಜಾಗ ಬಿಟ್ಟು ಮುಂದಿನ ನಂಬರಿಗೆ ಹೋಗಿ. ತಪ್ಪಿದ್ದನ್ನು ಹಿಡಿಯಲು ಹೋದವರು ಅದರ ಹಿಂದೆ ಇನ್ನೂ ನಾಲ್ಕು ಕಳೆದುಕೊಳ್ಳುತ್ತಾರೆ. ಕೋಚಿಂಗಿನವರು ಕೊಡುವ ವಾಕ್ಯಗಳ ಪಟ್ಟಿ ದುಡ್ಡು ದಂಡ. ಉತ್ತರ ಓದುವ ಸೈಕಾಲಜಿಸ್ಟ್ ಮೇಜಿಗೆ ಅದೇ ಪಟ್ಟಿ ವರ್ಷಗಟ್ಟಲೆ ಬಂದಿರುತ್ತದೆ.

ಮೈದಾನದಲ್ಲಿ ಜಿಟಿಓ, ಅಂದರೆ ಗುಂಪು ಪರೀಕ್ಷೆ ನಡೆಸುವ ಅಧಿಕಾರಿಯ ಕೆಲಸ ಎರಡು ದಿನ. ಪ್ರೋಗ್ರೆಸಿವ್ ಗ್ರೂಪ್ ಟಾಸ್ಕ್ ಎಂಬಲ್ಲಿ ಒಂದಕ್ಕಿಂತ ಒಂದು ಕಷ್ಟದ ನಾಲ್ಕು ಅಡೆತಡೆ. ಕೈಗೆ ಒಂದು ಫಟ್ಟಾ ಅಂದರೆ ಹಲಗೆ, ಒಂದು ಬಲ್ಲಿ ಅಂದರೆ ದಪ್ಪ ಕೋಲು, ಒಂದು ರಸ್ಸಿ, ಜೊತೆಗೆ ಸಾಗಿಸಲು ಒಂದು ಭಾರ. ಕೆಂಪು ಬಣ್ಣ ಬಳಿದದ್ದನ್ನು ಯಾರೂ ಯಾವುದರಿಂದಲೂ ಮುಟ್ಟುವಂತಿಲ್ಲ. ನಾಲ್ಕು ಅಡಿಗಿಂತ ಹೆಚ್ಚಿನ ಅಂತರವನ್ನು ಹಾರುವಂತಿಲ್ಲ, ಸೇತುವೆ ಮಾಡಿಯೇ ದಾಟಬೇಕು. ಹಲಗೆ ಆಚೆ ದಡ ಮುಟ್ಟದಿದ್ದಾಗ ಮಾಡುವ ಉಪಾಯ ಹಳ್ಳಿಯ ಮಕ್ಕಳಿಗೆ ಏತ ನೋಡಿದ ಕಣ್ಣಿಗೇ ಗೊತ್ತಾಗುತ್ತದೆ: ಹಲಗೆಯ ಮುಂಭಾಗವನ್ನು ಹೊರಕ್ಕೆ ಚಾಚಿ, ಹಿಂಭಾಗದ ಮೇಲೆ ಒಬ್ಬರೋ ಇಬ್ಬರೋ ನಿಂತು ಅದುಮಿ ಹಿಡಿಯಬೇಕು, ಹಗುರ ಮೈಯವರು ಚಾಚಿದ ತುದಿಯವರೆಗೆ ನಡೆದು ಅಲ್ಲಿಂದ ಆಚೆ ಕಾಲಿಡಬೇಕು. ಕೆಡುವುದು ಎಲ್ಲಿ ಎಂದರೆ, ಮುಂದೆ ಹೋದವರು ಆಚೆ ತಲುಪಿದ ಖುಷಿಯಲ್ಲಿ ಹಿಂದೆ ನಿಂತವರು ಇಳಿದುಬಿಡುತ್ತಾರೆ, ಹಲಗೆಯ ಮೇಲೆ ಇನ್ನೊಬ್ಬರು ಇನ್ನೂ ಇರುತ್ತಾರೆ. ಕೊನೆಗೆ ಹಲಗೆಯ ಹಿಂಭಾಗ ಅದುಮಿ ನಿಂತವರನ್ನು ದಾಟಿಸುವುದು ಹೇಗೆ ಎಂದು ಮೊದಲೇ ಯೋಚಿಸಿದ ಹುಡುಗಿ ಅಥವಾ ಹುಡುಗ ಜಿಟಿಓ ಕಣ್ಣಿಗೆ ಬೀಳುತ್ತಾರೆ. ಮೊದಲು ನುಗ್ಗಿ ಆಚೆ ದಡದಲ್ಲಿ ಕೈಕಟ್ಟಿ ನಿಲ್ಲುವವರೂ ಕಣ್ಣಿಗೆ ಬೀಳುತ್ತಾರೆ, ಬೇರೆ ಕಾರಣಕ್ಕೆ.

ಒಬ್ಬೊಬ್ಬರೇ ದಾಟುವ ಹತ್ತು ಅಡೆತಡೆಗಳಿಗೆ ಮೂರು ನಿಮಿಷ. ಒಂದೊಂದಕ್ಕೂ ಕಷ್ಟಕ್ಕೆ ತಕ್ಕಂತೆ ಒಂದರಿಂದ ಹತ್ತು ಅಂಕ, ನಂಬರು ಅಲ್ಲೇ ಬರೆದಿರುತ್ತದೆ. ಒಂದರಿಂದ ಕ್ರಮವಾಗಿ ಹೋಗಬೇಕೆಂಬ ನಿಯಮ ಇಲ್ಲ. ಹೆಚ್ಚು ಅಂಕದವು ಹತ್ತಿರ ಹತ್ತಿರ ಇರುವ ದಾರಿಯನ್ನು ತೋರಿಸುವಾಗಲೇ ಗುರುತು ಮಾಡಿಕೊಳ್ಳಿ.

ಸಂದರ್ಶನದ ಬೀಜ ಇರುವುದು ಮೊದಲೇ ತುಂಬಿಸಿಕೊಳ್ಳುವ ಪಿಐಕ್ಯೂ ಫಾರಂನಲ್ಲಿ. ಅಂಕ, ಆಟ, ಹವ್ಯಾಸ, ಎನ್‌ಸಿಸಿ ಕ್ಯಾಂಪು, ಮನೆಯವರ ಆದಾಯ, ಎಲ್ಲಾ ಅಲ್ಲಿ. ಹವ್ಯಾಸ ಕೃಷಿ ಎಂದು ಬರೆದರೆ ನಿಮ್ಮ ತೋಟದ ಅಡಿಕೆಗೆ ಈ ವರ್ಷ ಎಷ್ಟು ಸಲ ಔಷಧಿ ಹೊಡೆದಿರಿ, ಯಾವಾಗ, ಏಕೆ ಎನ್ನುವವರೆಗೂ ಪ್ರಶ್ನೆ ಇಳಿಯಬಹುದು. ಎಂಟೊಂಬತ್ತು ಪ್ರಶ್ನೆಗಳನ್ನು ಒಂದೇ ಉಸಿರಿನಲ್ಲಿ ಕೇಳಿ ಸುಮ್ಮನಾಗುವುದೂ ಉಂಟು: ಹತ್ತನೇ ತರಗತಿಯಿಂದ ಹೇಳಿ, ಯಾವ ವಿಷಯ ಇಷ್ಟ, ಯಾವ ಮೇಷ್ಟ್ರು ಇಷ್ಟವಿರಲಿಲ್ಲ, ಅಂಕ ಏಕೆ ಇಳಿಯಿತು, ಗೆಳೆಯರು ಯಾರು, ಹೀಗೆ. ಒಂದೆರಡು ಮರೆತರೆ ತೊಂದರೆಯಿಲ್ಲ. ಅಂಕ ಇಳಿದದ್ದಕ್ಕೆ ಕಾಲೇಜನ್ನು ದೂರಿದರೆ ತೊಂದರೆ.

ಸೈಕಾಲಜಿಸ್ಟ್, ಜಿಟಿಓ, ಸಂದರ್ಶನಾಧಿಕಾರಿ ಮೂವರೂ ಬೇರೆ ಬೇರೆಯಾಗಿ, 15 ಗುಣಗಳ ಒಂದೇ ಪಟ್ಟಿ ಇಟ್ಟುಕೊಂಡು ಅಳೆಯುತ್ತಾರೆ. ಐದನೇ ದಿನದ ಕಾನ್ಫರೆನ್ಸಿನಲ್ಲಿ ಮೂರೂ ಅಳತೆ ಒಂದೇ ಮೇಜಿಗೆ ಬರುತ್ತವೆ. ಕಾಗದದ ಮೇಲೆ ಕಾಡ್ಗಿಚ್ಚಿಗೆ ಹಾರಿ ಊರು ಉಳಿಸುವ ನಾಯಕನ ಕಥೆ ಬರೆದು, ಮೈದಾನದಲ್ಲಿ ಹಗ್ಗ ಹಿಡಿಯಲೂ ಮುಂದೆ ಬಾರದಿದ್ದರೆ ಅಲ್ಲಿ ಸಿಕ್ಕಿಬೀಳುತ್ತೀರಿ. ಬಾಯಿಪಾಠ ಕೈಕೊಡುವುದು ಇದೇ ಕಾರಣಕ್ಕೆ.

ಆಯ್ಕೆಯಾದವರು ಅಲ್ಲೇ ಉಳಿದು ಮೆಡಿಕಲ್‌ಗೆ ಹೋಗುತ್ತಾರೆ. ಇಲ್ಲಿ ಬೀಳುವವರಲ್ಲಿ ಎಷ್ಟೋ ಜನ ಕಾಲೇಜಿನಲ್ಲಿದ್ದಾಗಲೇ ಸರಿಮಾಡಿಕೊಳ್ಳಬಹುದಾಗಿದ್ದ ವಿಷಯಕ್ಕೆ ಬೀಳುತ್ತಾರೆ: ಹೆಚ್ಚಿದ ತೂಕ, ಕಿವಿಯ ಗುಗ್ಗೆ, ಮೂಗಿನ ಒಳಗೋಡೆಯ ಸೊಟ್ಟು, ಹುಳುಕು ಹಲ್ಲು. ಹಲ್ಲಿಗೆ 22ರಲ್ಲಿ ಕನಿಷ್ಠ 14 ಅಂಕ ಬೇಕು. ಬಣ್ಣ ಗುರುತಿಸುವ ಶಕ್ತಿ, ಚಪ್ಪಟೆ ಪಾದ ಇಂಥವನ್ನು ಮೊದಲ ವರ್ಷದಲ್ಲೇ ಒಮ್ಮೆ ಪರೀಕ್ಷೆ ಮಾಡಿಸಿದರೆ ಮೂರು ವರ್ಷದ ಆಸೆ ಕೊನೆಯ ವಾರದಲ್ಲಿ ಒಡೆಯುವುದಿಲ್ಲ. ಕನ್ನಡಕ ಕಳಚುವ ಆತುರದಲ್ಲಿ 18, 19ಕ್ಕೇ ಲೇಸಿಕ್ ಮಾಡಿಸಿಕೊಳ್ಳುವವರಿದ್ದಾರೆ. 20 ತುಂಬುವ ಮೊದಲು ಮಾಡಿಸಿದ್ದನ್ನು ಒಪ್ಪುವುದಿಲ್ಲ, ಮಾಡಿಸಿ ಹನ್ನೆರಡು ತಿಂಗಳಾದರೂ ಆಗಿರಬೇಕು. ಮುಂಗೈಯ ಒಳಬದಿ ಮತ್ತು ಅಂಗೈಯ ಹಿಂಬದಿ ಬಿಟ್ಟು ಬೇರೆಡೆಯ ಶಾಶ್ವತ ಹಚ್ಚೆಯೂ ಅಡ್ಡಿಯೇ. ತಾತ್ಕಾಲಿಕ ಅನರ್ಹ ಎಂದು ಬಂದರೆ ಎದೆಗುಂದಬೇಡಿ; 42 ದಿನದೊಳಗೆ ಸರಿಪಡಿಸಿಕೊಂಡು ಅಪೀಲ್ ಮೆಡಿಕಲ್‌ಗೆ ಹಾಜರಾಗಬಹುದು. ಮೆಡಿಕಲ್ ಗೆದ್ದರೂ ಮೆರಿಟ್ ಲಿಸ್ಟಿನಲ್ಲಿ ಹೆಸರು ಬರಬೇಕು, ಅದು ನೆನಪಿರಲಿ.

ಲಿಸ್ಟಿನಲ್ಲಿ ಹೆಸರು ಬಂದರೆ ಚೆನ್ನೈನ ಓಟಿಎ, ಸೇಂಟ್ ಥಾಮಸ್ ಮೌಂಟ್. 1963ರಲ್ಲಿ ಆಫೀಸರ್ಸ್ ಟ್ರೈನಿಂಗ್ ಸ್ಕೂಲ್ ಆಗಿ ಶುರುವಾದದ್ದು, 1988ರಲ್ಲಿ ಅಕಾಡೆಮಿ ಆಯಿತು. ತರಬೇತಿ 49 ವಾರ. ತರಬೇತಿಯ ಕಾಲಕ್ಕೆ ತಿಂಗಳಿಗೆ 56,100 ರೂಪಾಯಿ ಸ್ಟೈಪೆಂಡ್. ಹೋಗುವಾಗಲೇ ಇರಬೇಕಾದ ದೇಹಶಕ್ತಿಯನ್ನು ಈಚಿನ ಅಧಿಸೂಚನೆಗಳಲ್ಲಿ ಬರೆದೇ ಕೊಡುತ್ತಾರೆ: ಪುರುಷರಿಗೆ 2.4 ಕಿ.ಮೀ. ಓಟ 10 ನಿಮಿಷ 30 ಸೆಕೆಂಡಿನಲ್ಲಿ, ಪುಷ್‌ಅಪ್ 40, ಪುಲ್‌ಅಪ್ 6, ಸಿಟ್‌ಅಪ್ 30; ಮಹಿಳೆಯರಿಗೆ ಅದೇ ಓಟ 13 ನಿಮಿಷದಲ್ಲಿ, ಪುಷ್‌ಅಪ್ 15. ಜೊತೆಗೆ ಈಜು ಬರಬೇಕು. ಬಾವಿಯಲ್ಲಿ ಕುಂಬಳಕಾಯಿ ಬುರುಡೆ ಕಟ್ಟಿಕೊಂಡು ಕಲಿತವರಿಗೆ ಇದು ಸಲೀಸು. ನಗರದವರು ರಜೆಯಲ್ಲಿ ಈಜುಕೊಳಕ್ಕೆ ಸೇರಿ, ಅಲ್ಲಿಗೆ ಹೋಗಿ ಕಲಿಯೋಣ ಎನ್ನಬೇಡಿ.

ಒಳಗೆ ಹೋದ ಮೇಲೆ ಮೊದಲ ಕೆಲವು ವಾರ ನಿದ್ದೆ ಕಡಿಮೆ, ಓಟ ಜಾಸ್ತಿ, ಬಟ್ಟೆ ಬದಲಿಸುವುದು ಅದಕ್ಕಿಂತ ಜಾಸ್ತಿ. ಪಿಟಿ ಉಡುಪಿನಿಂದ ಡ್ರಿಲ್‌ಗೆ, ಡ್ರಿಲ್‌ನಿಂದ ತರಗತಿಗೆ, ನಡುವೆ ಸಿಗುವುದು ನಿಮಿಷಗಳು. ಒಬ್ಬರು ತಡವಾದರೆ ಎಲ್ಲರಿಗೂ ರಗಡಾ, ಅಂದರೆ ಮೈಮುರಿಯುವ ಶಿಕ್ಷೆ. ಕಾಲೇಜಿನಲ್ಲಿ ಕೆಡೆಟ್‌ಗಳ ಮುಖಂಡರಾದ ಸೀನಿಯರ್ ಅಂಡರ್ ಆಫೀಸರ್ ಆಗಿ ಮೆರೆದವರಿಗೆ ಇದು ಕೊಂಚ ಹೆಚ್ಚೇ ನಾಟುತ್ತದೆ, ಅಲ್ಲಿ ಮತ್ತೆ ಸೊನ್ನೆಯಿಂದ ಶುರು. ಬಿಪಿಇಟಿ ಎಂಬ ಪರೀಕ್ಷೆಯಲ್ಲಿ ರೈಫಲ್ ಮತ್ತು ಬೆನ್ನ ಹೊರೆಯೊಂದಿಗೆ 5 ಕಿ.ಮೀ. ಓಟ, ಹಗ್ಗ ಹತ್ತುವುದು, 9 ಅಡಿ ಹಳ್ಳ ಹಾರುವುದು ಇವೆ. ಇಂಥ ಕಡ್ಡಾಯ ಪರೀಕ್ಷೆಗಳಲ್ಲಿ ಮತ್ತೆ ಮತ್ತೆ ಸೋತರೆ ರೆಲಿಗೇಷನ್: ಜೊತೆಯವರು ಮುಂದಕ್ಕೆ ಹೋಗುತ್ತಾರೆ, ನೀವು ಕಿರಿಯ ಕೋರ್ಸಿನೊಂದಿಗೆ ಆ ಟರ್ಮನ್ನು ಮತ್ತೆ ಮಾಡುತ್ತೀರಿ. ನಡುವೆ ಸ್ವಂತ ಕಾರಣಕ್ಕೆ ಬಿಟ್ಟು ಬಂದರೆ ತರಬೇತಿಯ ಖರ್ಚು ಕಟ್ಟಿಕೊಡಬೇಕಾಗುತ್ತದೆ.

ರೆಲಿಗೇಷನ್ನಿಗೆ ದೊಡ್ಡ ಕಾರಣಗಳಲ್ಲಿ ಒಂದು ಮೊಣಕಾಲ ಕೆಳಗಿನ ಮೂಳೆ. ಉಸಿರು ಮತ್ತು ಸ್ನಾಯು ಕೆಲವೇ ವಾರದಲ್ಲಿ ಓಟಕ್ಕೆ ಒಗ್ಗುತ್ತವೆ, ಮೂಳೆಗೆ ತಿಂಗಳುಗಳೇ ಬೇಕು. ಜಿಮ್ಮಿನ ಟ್ರೆಡ್‌ಮಿಲ್ ಮೇಲೆ ಓಡಿದವರು ಇದ್ದಕ್ಕಿದ್ದಂತೆ ಬೂಟು ಹಾಕಿ ಡಾಂಬರಿನ ಮೇಲೆ ದಿನಾ ಓಡತೊಡಗಿದರೆ ಕಣಕಾಲ ಮುಂಬದಿ ನೋಯಲು ಶುರುವಾಗುತ್ತದೆ. ಹೇಳದೆ ಮುಚ್ಚಿಟ್ಟರೆ ಆ ನೋವು ಕೂದಲೆಳೆಯ ಬಿರುಕಾಗುತ್ತದೆ. ಆದ್ದರಿಂದ ಹೊರಡುವ ಆರು ತಿಂಗಳ ಮುಂಚಿನಿಂದ ಮಣ್ಣಿನ ಮೈದಾನದಲ್ಲಿ ಓಡಿ, ವಾರದ ದೂರವನ್ನು ಸ್ವಲ್ಪಸ್ವಲ್ಪವೇ ಏರಿಸಿ, ವಾರಕ್ಕೊಂದು ದಿನ ಕಾಲಿಗೆ ಬಿಡುವು ಕೊಡಿ. ಕೊನೆಯ ಎರಡು ತಿಂಗಳು ವಾರಕ್ಕೆರಡು ಸಲ ಎನ್‌ಸಿಸಿಯ ಡಿಎಂಎಸ್ ಬೂಟು ಹಾಕಿಕೊಂಡು ನಡೆಯಿರಿ. ಹೊಸ ಬೂಟಿನ ಬೊಕ್ಕೆ ಊರಲ್ಲೇ ಬಂದು ಊರಲ್ಲೇ ಮಾಗಲಿ.

ಕೋರ್ಸ್ ಮುಗಿದಾಗ ನಿಲ್ಲುವುದು ಪರಮೇಶ್ವರನ್ ಡ್ರಿಲ್ ಸ್ಕ್ವೇರ್‌ನಲ್ಲಿ. 1987ರಲ್ಲಿ ಶ್ರೀಲಂಕಾದಲ್ಲಿ ಮಡಿದು ಪರಮವೀರ ಚಕ್ರ ಪಡೆದ ಮೇಜರ್ ರಾಮಸ್ವಾಮಿ ಪರಮೇಶ್ವರನ್ ಇದೇ ಸಂಸ್ಥೆಯಲ್ಲಿ ತರಬೇತಾದವರು. ಹೆಗಲಿಗೆ ಲೆಫ್ಟಿನೆಂಟ್ ನಕ್ಷತ್ರ, ಕೈಗೆ ಮದ್ರಾಸ್ ವಿಶ್ವವಿದ್ಯಾಲಯದ ಸ್ನಾತಕೋತ್ತರ ಡಿಪ್ಲೊಮಾ. ಮನೆಯಲ್ಲಿ ಅಪ್ಪ ಅಮ್ಮ ಕೇಳುವ ಪ್ರಶ್ನೆ ಒಂದು ಉಳಿಯುತ್ತದೆ: ಇದು ಪರ್ಮನೆಂಟಾ? ಅಲ್ಲ. ಇದು ಶಾರ್ಟ್ ಸರ್ವಿಸ್, ಹತ್ತು ವರ್ಷ. ಬೇಕಿದ್ದರೆ ಇನ್ನೂ ನಾಲ್ಕು ವರ್ಷ ವಿಸ್ತರಣೆ ಕೇಳಬಹುದು. ಹತ್ತನೇ ವರ್ಷದ ಹೊತ್ತಿಗೆ ಪರ್ಮನೆಂಟ್ ಕಮಿಷನ್‌ಗೆ ಅರ್ಜಿ ಹಾಕಬಹುದು, ಸಿಗುವುದು ಬಿಡುವುದು ಅಲ್ಲಿವರೆಗಿನ ಸೇವೆಯ ದಾಖಲೆಯ ಮೇಲೆ. ಮೊದಲ ದಿನದಿಂದಲೇ ಪರ್ಮನೆಂಟ್ ಬೇಕೆನ್ನುವವರು ಸಿಡಿಎಸ್‌ನಲ್ಲಿ ಡೆಹ್ರಾಡೂನಿನ ಐಎಂಎ ಆಯ್ಕೆ ಮಾಡಿಕೊಳ್ಳಬೇಕು. ಅಲ್ಲಿಯೂ ಆರ್ಮಿ ವಿಂಗ್‌ನ ಸಿ ಸರ್ಟಿಫಿಕೇಟ್ ಇರುವವರಿಗೆ ಒಂದಷ್ಟು ಸೀಟು ಮೀಸಲಿರುತ್ತವೆ. ಆದರೆ ಅಲ್ಲಿನ ವಯಸ್ಸಿನ ಮಿತಿ 24, ಗಣಿತದ ಪತ್ರಿಕೆಯೂ ಇದೆ. ಇದನ್ನು ಎರಡನೇ ವರ್ಷದಲ್ಲೇ ನಿರ್ಧರಿಸಿದರೆ ಗಣಿತಕ್ಕೆ ಸಮಯ ಸಿಗುತ್ತದೆ.